ರಕ್ತದಲ್ಲಿ ಇಳಿದ ಕೊಲೆಸ್ಟ್ರಾಲ್ ಪಿತ್ತಕೋಶದಲ್ಲಿ ಕಲ್ಲಾಗುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಗೃಹಿಣಿ, ವಯಸ್ಸು 43. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟ್ರಾಲ್ 228 ಬಂತು. ತೂಕ 82 ಕೆ.ಜಿ. ಇತ್ತು. ಹೆದರಿಕೊಂಡು ತುಪ್ಪ, ಎಣ್ಣೆ, ತೆಂಗಿನಕಾಯಿ ಎಲ್ಲವನ್ನೂ ಬಿಟ್ಟೆ. ದಿನಕ್ಕೆ ಒಂದೇ ಊಟ ಮಾಡಿ ಎರಡು ತಿಂಗಳಲ್ಲಿ 14 ಕೆ.ಜಿ. ಇಳಿಸಿದೆ. ಕೊಲೆಸ್ಟ್ರಾಲ್ 174ಕ್ಕೆ ಬಂತು. ಆಮೇಲೆ ಮುಟ್ಟಿನ ತೊಂದರೆಗೆಂದು ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ, ಪಿತ್ತಕೋಶದಲ್ಲಿ ನಾಲ್ಕೈದು ಕಲ್ಲುಗಳಿವೆ, ದೊಡ್ಡದು 5 ಮಿ.ಮೀ. ಎಂದು ಬರೆದುಕೊಟ್ಟಿದ್ದಾರೆ. ಹೊಟ್ಟೆನೋವು ಇಲ್ಲ. ಕೊಲೆಸ್ಟ್ರಾಲಿನ ಕಲ್ಲೇ ಇರಬೇಕು ಎಂದರು. ರಕ್ತದಲ್ಲಿ ಇಳಿದ ಕೊಲೆಸ್ಟ್ರಾಲ್ ಪಿತ್ತಕೋಶದಲ್ಲಿ ಕಲ್ಲಾದದ್ದು ಹೇಗೆ? ನನ್ನ ಲಿವರ್ ಕೆಟ್ಟಿದೆಯೇ? ಬಾಳೆದಿಂಡಿನ ರಸಕ್ಕೆ ಕರಗುತ್ತದೆ ಎಂದು ಕೆಲವರು, ಆಪರೇಷನ್ ಆಗಲೇಬೇಕು ಎಂದು ಕೆಲವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ವರದಿಯಲ್ಲಿ ಇಳಿದಿರುವುದು ರಕ್ತದ ಕೊಲೆಸ್ಟ್ರಾಲ್, ಕಲ್ಲು ಕಟ್ಟುವುದು ಪಿತ್ತರಸದ ಕೊಲೆಸ್ಟ್ರಾಲಿನಿಂದ. ಎರಡನ್ನೂ ನಿಭಾಯಿಸುವುದು ಯಕೃತ್ತೇ, ಅಂದರೆ ನೀವು ಲಿವರ್ ಎಂದು ಕರೆದಿರುವ ಅಂಗವೇ ಆದರೂ, ಒಂದು ಇಳಿದರೆ ಇನ್ನೊಂದೂ ಇಳಿಯಬೇಕೆಂಬ ನಿಯಮವಿಲ್ಲ. ನೀವು ಅನುಸರಿಸಿದ ಬಗೆಯ ಪಥ್ಯದಲ್ಲಂತೂ ಮೊದಲನೆಯದು ಇಳಿಯುತ್ತಿರುವಾಗಲೇ ಎರಡನೆಯದು ಏರುತ್ತಿರುತ್ತದೆ. ಇದು ಹೇಗೆ ಎಂಬುದನ್ನು ತಿಳಿದುಕೊಂಡರೆ ಮುಂದೆ ಏನು ಮಾಡಬೇಕು, ಯಾವುದನ್ನು ಮಾಡಬೇಕಾಗಿಲ್ಲ ಎಂಬುದೂ ತಾನಾಗಿ ಸ್ಪಷ್ಟವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದೇಹವು ಸಕ್ಕರೆಯನ್ನೂ ಕೊಬ್ಬನ್ನೂ ಉರಿಸಿ ಶಕ್ತಿಯನ್ನು ಪಡೆಯಬಲ್ಲದು. ಕೊಲೆಸ್ಟ್ರಾಲನ್ನು ಹಾಗೆ ಉರಿಸಲು ಬರುವುದಿಲ್ಲ, ಏಕೆಂದರೆ ಅದರ ಅಣುವಿನಲ್ಲಿರುವ ನಾಲ್ಕು ಉಂಗುರಗಳ ಚೌಕಟ್ಟನ್ನು ಒಡೆಯುವ ಕಿಣ್ವಗಳು ಮನುಷ್ಯನಲ್ಲಿ ಇಲ್ಲ. ಜೀವಕೋಶಗಳ ಪೊರೆಗೆ, ಹಾರ್ಮೋನುಗಳ ತಯಾರಿಕೆಗೆ, ಡಿ ಜೀವಸತ್ವಕ್ಕೆ ಕೊಲೆಸ್ಟ್ರಾಲ್ ಬೇಕೇ ಬೇಕು. ಆದರೆ ಮಿಕ್ಕದ್ದನ್ನು ದೇಹದಿಂದ ಹೊರಗೆ ಹಾಕಲು ಇರುವ ಮುಖ್ಯ ದಾರಿ ಯಕೃತ್ತು ಮತ್ತು ಅದು ಸ್ರವಿಸುವ ಪಿತ್ತರಸ. ವಯಸ್ಕರ ದೇಹ ದಿನಕ್ಕೆ ಸುಮಾರು ಒಂದು ಗ್ರಾಂನಷ್ಟು ಕೊಲೆಸ್ಟ್ರಾಲನ್ನು ತಾನೇ ತಯಾರಿಸುತ್ತದೆ. ಊಟದಿಂದ ಒಳಗೆ ಬರುವುದು ಅದಕ್ಕಿಂತ ಬಹಳ ಕಡಿಮೆ, ಬಂದದ್ದರಲ್ಲಿಯೂ ಕರುಳು ಹೀರಿಕೊಳ್ಳುವುದು ಅರ್ಧದಷ್ಟನ್ನು ಮಾತ್ರ. ಸಂಪೂರ್ಣ ಸಸ್ಯಾಹಾರಿಗಳ ಮನೆಯಲ್ಲೂ ಪಿತ್ತಕೋಶದ ಕಲ್ಲು ಕಾಣಿಸಿಕೊಳ್ಳುವುದನ್ನು ಕಂಡು ಅಚ್ಚರಿಪಡುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಯಕೃತ್ತು ಈ ಕೊಲೆಸ್ಟ್ರಾಲನ್ನು ಎರಡು ಬಗೆಯಲ್ಲಿ ಹೊರಗೆ ಕಳಿಸುತ್ತದೆ. ಒಂದು ಪಾಲನ್ನು ರಾಸಾಯನಿಕವಾಗಿ ಬದಲಾಯಿಸಿ ಪಿತ್ತಲವಣಗಳನ್ನಾಗಿ ಮಾಡುತ್ತದೆ. ಇವು ಸಾಬೂನಿನ ಗುಣವುಳ್ಳ, ನೀರಿನಲ್ಲಿ ಕರಗುವ ವಸ್ತುಗಳು. ಇನ್ನೊಂದು ಪಾಲನ್ನು ಬದಲಾಯಿಸದೆ ಕೊಲೆಸ್ಟ್ರಾಲಾಗಿಯೇ ಪಿತ್ತರಸಕ್ಕೆ ದಾಟಿಸುತ್ತದೆ. ದಾಟಿಸುವ ಕೆಲಸವನ್ನು ಮಾಡುವುದು ಯಕೃತ್ತಿನ ಜೀವಕೋಶದ ಅಂಚಿನಲ್ಲಿ ಕುಳಿತಿರುವ ಎಬಿಸಿಜಿ5, ಎಬಿಸಿಜಿ8 ಎಂಬ ಜೋಡಿ ಪ್ರೋಟೀನುಗಳು. ಇವುಗಳಲ್ಲಿ ಎರಡನೆಯದರ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸವನ್ನು ಹುಟ್ಟಿನಿಂದಲೇ ಪಡೆದವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚು ಎಂಬುದು 2007ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. ಕೆಲವು ಕುಟುಂಬಗಳಲ್ಲಿ ತಾಯಿ, ಚಿಕ್ಕಮ್ಮ, ಮಗಳು ಹೀಗೆ ಸಾಲಾಗಿ ಎಲ್ಲರಿಗೂ ಕಲ್ಲು ಬರುವುದರ ಹಿಂದೆ ಒಂದೇ ಅಡುಗೆಮನೆ ಮಾತ್ರವಲ್ಲದೆ ಇಂಥ ಕಾರಣವೂ ಇರುತ್ತದೆ.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗದ ವಸ್ತು, ಪಿತ್ತರಸವಾದರೋ ಬಹುಪಾಲು ನೀರು. ಹಾಗಿದ್ದೂ ಅದು ಅದರಲ್ಲಿ ತೇಲಾಡಿಕೊಂಡು ಕರುಳಿನವರೆಗೆ ಹೋಗುವುದು ಪಿತ್ತಲವಣ ಮತ್ತು ಲೆಸಿಥಿನ್ ಎಂಬ ಎರಡು ವಸ್ತುಗಳ ನೆರವಿನಿಂದ. ಇವೆರಡೂ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪುಗಳಾಗಿ ಕೊಲೆಸ್ಟ್ರಾಲಿನ ಅಣುಗಳನ್ನು ನಡುವೆ ಹಿಡಿದುಕೊಳ್ಳುತ್ತವೆ. ಸಾಮಾನ್ಯ ಪಿತ್ತರಸದ ಘನಾಂಶದಲ್ಲಿ ಮೂರನೆಯ ಎರಡು ಭಾಗದಷ್ಟು ಪಿತ್ತಲವಣ, ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಲೆಸಿಥಿನ್ ಮೊದಲಾದ ಫಾಸ್ಫೋಲಿಪಿಡ್‌ಗಳು ಇದ್ದರೆ, ಕೊಲೆಸ್ಟ್ರಾಲ್ ಇರುವುದು ಶೇಕಡಾ ನಾಲ್ಕೈದು ಮಾತ್ರ. ಈ ಮೂರರ ಪ್ರಮಾಣಗಳನ್ನು ಒಂದು ತ್ರಿಕೋನದ ಮೂರು ಬದಿಗಳಲ್ಲಿ ಗುರುತಿಸಿ, ಯಾವ ಗೆರೆಯ ಒಳಗೆ ಕೊಲೆಸ್ಟ್ರಾಲ್ ಕರಗಿರುತ್ತದೆ, ಯಾವ ಗೆರೆಯನ್ನು ದಾಟಿದರೆ ಹರಳಾಗುತ್ತದೆ ಎಂಬುದನ್ನು 1968ರಲ್ಲಿ ಅಮೆರಿಕದ ಆಡ್ಮಿರಾಂಡ್ ಮತ್ತು ಸ್ಮಾಲ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುವುದು ಆ ತ್ರಿಕೋನವನ್ನೇ. ಅದರಿಂದ ತಿಳಿಯುವ ಮುಖ್ಯ ಸಂಗತಿ ಏನೆಂದರೆ, ಕೊಲೆಸ್ಟ್ರಾಲ್ ಎಷ್ಟಿದೆ ಎಂಬುದಷ್ಟೇ ಕಲ್ಲನ್ನು ನಿರ್ಧರಿಸುವುದಿಲ್ಲ, ಅದನ್ನು ಹಿಡಿದಿಡುವ ಪಿತ್ತಲವಣ ಮತ್ತು ಲೆಸಿಥಿನ್ ಎಷ್ಟಿವೆ ಎಂಬುದೂ ಅಷ್ಟೇ ಮುಖ್ಯ. ಕೊಲೆಸ್ಟ್ರಾಲ್ ಹೆಚ್ಚಿದರೂ ಗೆರೆ ದಾಟುತ್ತದೆ, ಪಿತ್ತಲವಣ ಕಡಿಮೆಯಾದರೂ ದಾಟುತ್ತದೆ.

ಮಲೆನಾಡಿನ ಮನೆಗಳಲ್ಲಿ ಜೋನಿ ಬೆಲ್ಲವನ್ನು ಡಬ್ಬದಲ್ಲಿ ತುಂಬಿಟ್ಟವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುಂಬಿದ ದಿನ ಮೇಲಿಂದ ಕೆಳಗಿನವರೆಗೆ ಒಂದೇ ಹದದಲ್ಲಿರುವ ಬೆಲ್ಲ, ಅಲ್ಲಾಡಿಸದೆ ತಿಂಗಳುಗಟ್ಟಲೆ ಇಟ್ಟಾಗ ತಳದಲ್ಲಿ ಹರಳುಗಟ್ಟಿರುತ್ತದೆ. ಯಾರೂ ಅದಕ್ಕೆ ಹೊಸದಾಗಿ ಸಕ್ಕರೆಯನ್ನು ಬೆರೆಸಿರುವುದಿಲ್ಲ. ಹಿಡಿಸುವುದಕ್ಕಿಂತ ಹೆಚ್ಚು ಸಿಹಿ ಮೊದಲೇ ಅದರಲ್ಲಿ ಕರಗಿತ್ತು, ಹರಳಾಗಲು ಅದಕ್ಕೆ ಬೇಕಾಗಿದ್ದದ್ದು ನಿಲುಗಡೆ ಮತ್ತು ಸಮಯ.

ಪಿತ್ತರಸಕ್ಕೆ ಆ ನಿಲುಗಡೆ ದೊರೆಯುವ ಜಾಗವೇ ಪಿತ್ತಕೋಶ. ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಈ ಚಿಕ್ಕ ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ, ಆದರೆ ಯಕೃತ್ತು ದಿನಕ್ಕೆ ಸ್ರವಿಸುವ ಪಿತ್ತರಸ ಮುಕ್ಕಾಲು ಲೀಟರಿನ ಆಸುಪಾಸು. ಊಟವಿಲ್ಲದ ಹೊತ್ತಿನಲ್ಲಿ ಚೀಲದ ಒಳಪದರವು ನೀರನ್ನು ಹೀರಿಕೊಂಡು ರಸವನ್ನು ಐದರಿಂದ ಹತ್ತು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಊಟದ ಕೊಬ್ಬು ಸಣ್ಣ ಕರುಳನ್ನು ಮುಟ್ಟಿದ ಕೂಡಲೇ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಟು ಚೀಲವನ್ನು ಹಿಂಡುತ್ತದೆ. ಹೊರಬಿದ್ದ ಪಿತ್ತಲವಣ ಕೊಬ್ಬನ್ನು ಜೀರ್ಣಿಸಲು ನೆರವಾಗಿ, ಸಣ್ಣ ಕರುಳಿನ ತುದಿಯಲ್ಲಿ ಶೇಕಡಾ 95ರಷ್ಟು ಹೀರಲ್ಪಟ್ಟು ಮತ್ತೆ ಯಕೃತ್ತಿಗೆ ಮರಳುತ್ತದೆ. ದೇಹದಲ್ಲಿ ಒಟ್ಟು ಇರುವ ಎರಡರಿಂದ ನಾಲ್ಕು ಗ್ರಾಂ ಪಿತ್ತಲವಣವೇ ದಿನಕ್ಕೆ ಆರೆಂಟು ಬಾರಿ ಹೀಗೆ ಸುತ್ತುತ್ತದೆ. ಉಪವಾಸದಲ್ಲಿ ಈ ಸುತ್ತು ನಿಧಾನವಾಗುತ್ತದೆ. ಪಿತ್ತಲವಣದ ಬಹುಪಾಲು ಚೀಲದಲ್ಲಿಯೇ ಉಳಿದು ಯಕೃತ್ತಿಗೆ ಮರಳುವುದು ಕಡಿಮೆಯಾಗುವುದರಿಂದ, ಆ ಹೊತ್ತಿನಲ್ಲಿ ಯಕೃತ್ತು ಹೊಸದಾಗಿ ಸ್ರವಿಸುವ ರಸದಲ್ಲಿ ಪಿತ್ತಲವಣ ಕಡಿಮೆ, ಕೊಲೆಸ್ಟ್ರಾಲಿನ ಪಾಲು ಹೆಚ್ಚು. ಆರೋಗ್ಯವಂತರಲ್ಲಿಯೂ ರಾತ್ರಿಯ ಉಪವಾಸದ ಬಳಿಕ ಪಿತ್ತರಸ ಗೆರೆ ದಾಟಿರುವುದು ಸಾಮಾನ್ಯ. ಬೆಳಗಿನ ತಿಂಡಿಯೊಂದಿಗೆ ಚೀಲ ಬರಿದಾಗುವುದರಿಂದ ಅವರಲ್ಲಿ ಅದು ಕಲ್ಲಾಗುವುದಿಲ್ಲ.

ಹಾಗಾಗಿ ಕಲ್ಲು ಕಟ್ಟಲು ಮೂರು ಸಂಗತಿಗಳು ಕೂಡಬೇಕು. ಯಕೃತ್ತು ಹಿಡಿಸಲಾರದಷ್ಟು ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ತುಂಬುತ್ತಿರಬೇಕು. ಪಿತ್ತಕೋಶ ಸರಿಯಾಗಿ ಬರಿದಾಗದೆ ಇರಬೇಕು. ಹರಳು ಮೊದಲು ಹುಟ್ಟಲು, ಹುಟ್ಟಿದ್ದು ಹೊರಹೋಗದೆ ಅಂಟಿಕೊಂಡಿರಲು ಅಂಟುಲೋಳೆ ಇರಬೇಕು. ಮೊದಲನೆಯದೇ ಉಳಿದೆರಡಕ್ಕೂ ದಾರಿ ಮಾಡಿಕೊಡುತ್ತದೆ ಎಂಬುದು ಇದರಲ್ಲಿನ ಕುತೂಹಲದ ಅಂಶ. ಮಿಕ್ಕಿದ ಕೊಲೆಸ್ಟ್ರಾಲ್ ಪಿತ್ತಕೋಶದ ಗೋಡೆಯೊಳಗೂ ಇಳಿದು ಸ್ನಾಯುವಿನ ಜೀವಕೋಶಗಳ ಪೊರೆಯಲ್ಲಿ ಸೇರಿಕೊಂಡಾಗ, ಹಾರ್ಮೋನಿನ ಕರೆಗೆ ಸ್ನಾಯು ಮೊದಲಿನಂತೆ ಓಗೊಡುವುದಿಲ್ಲ. ಒಳಪದರವೂ ಕೆರಳಿ ಹೆಚ್ಚು ಲೋಳೆಯನ್ನು ಸುರಿಸುತ್ತದೆ. ಸ್ಕ್ಯಾನಿಂಗ್ ವರದಿಗಳಲ್ಲಿ ಸ್ಲಡ್ಜ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದು ಈ ಲೋಳೆ ಮತ್ತು ಹರಳುಗಳು ಬೆರೆತ ಕೆಸರು, ಕಲ್ಲಿನ ಹಿಂದಿನ ಹಂತ. ಆ ಕೆಸರಿನ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಬಣ್ಣವಿಲ್ಲದ, ತೀರಾ ತೆಳ್ಳನೆಯ, ಒಂದು ಮೂಲೆ ಚೌಕವಾಗಿ ಮುರಿದುಹೋದಂತಿರುವ ಚಪ್ಪಟೆ ಹಲ್ಲೆಗಳು ಒಂದರ ಮೇಲೊಂದು ಬಿದ್ದುಕೊಂಡಿರುವುದು ಕಾಣುತ್ತದೆ. ಕೊಲೆಸ್ಟ್ರಾಲಿನ ಹರಳುಗಳೆಂದರೆ ಇವೇ.

ಈಗ ರಕ್ತದ ವಿಷಯಕ್ಕೆ ಬರೋಣ. ರಕ್ತ ಪರೀಕ್ಷೆಯಲ್ಲಿ ಕಾಣುವ ಅಂಕಿ, ಯಕೃತ್ತಿಗೆ ಬರುತ್ತಿರುವ ಮತ್ತು ಅಲ್ಲಿಂದ ಅಂಗಾಂಗಗಳಿಗೆ ಹೋಗುತ್ತಿರುವ ಕೊಲೆಸ್ಟ್ರಾಲ್ ಆ ಗಳಿಗೆಯಲ್ಲಿ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಯಕೃತ್ತು ಪಿತ್ತರಸದ ಕಡೆಗೆ ಎಷ್ಟನ್ನು ನೂಕುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಎಲ್‌ಡಿಎಲ್, ಅಂದರೆ ಕೊಲೆಸ್ಟ್ರಾಲನ್ನು ಅಂಗಾಂಗಗಳಿಗೆ ಒಯ್ಯುವ ಕಣಗಳು, ಹೆಚ್ಚಿರುವುದಕ್ಕೂ ಪಿತ್ತಕೋಶದ ಕಲ್ಲಿಗೂ ನಂಬಲರ್ಹವಾದ ನೇರ ಸಂಬಂಧ ಕಂಡುಬಂದಿಲ್ಲ. ಕೊಲೆಸ್ಟ್ರಾಲನ್ನು ಯಕೃತ್ತಿಗೆ ಮರಳಿ ತರುವ ಎಚ್‌ಡಿಎಲ್ ಕಣಗಳು ಕಡಿಮೆ ಇರುವುದು ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚಿರುವುದು, ಅಂದರೆ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಚಿತ್ರ, ಕಲ್ಲಿನೊಂದಿಗೆ ಹೆಚ್ಚು ಹೊಂದಿಕೊಳ್ಳುತ್ತದೆ. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಎಂಬ ಮೂಲನಿವಾಸಿಗಳನ್ನು ಇದಕ್ಕೆ ಉದಾಹರಣೆಯಾಗಿ ಕೊಡಬಹುದು. ಅವರ ವಯಸ್ಕ ಹೆಂಗಸರಲ್ಲಿ ಬಹುಪಾಲು ಜನರಿಗೆ ಪಿತ್ತಕೋಶದ ಕಲ್ಲು ಇರುತ್ತದೆ, ಆದರೆ ಅವರ ರಕ್ತದ ಕೊಲೆಸ್ಟ್ರಾಲ್ ಅಲ್ಲಿನ ಬಿಳಿಯರದಕ್ಕಿಂತ ಕಡಿಮೆ. ಅವರ ಯಕೃತ್ತು ಕೊಲೆಸ್ಟ್ರಾಲನ್ನು ಧಾರಾಳವಾಗಿ ಪಿತ್ತರಸಕ್ಕೆ ಸಾಗಿಸುತ್ತದೆ. ಇನ್ನೊಂದು ಉದಾಹರಣೆ ಕ್ಲೋಫೈಬ್ರೇಟ್ ಎಂಬ ಹಳೆಯ ಔಷಧದ್ದು. ರಕ್ತದ ಕೊಬ್ಬನ್ನು ಇಳಿಸಲೆಂದು ಅದನ್ನು ಕೊಡುತ್ತಿದ್ದರು, ಇಳಿಯುತ್ತಲೂ ಇತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ನಡೆದ ದೊಡ್ಡ ಪರೀಕ್ಷೆಯ ವರದಿ 1978ರಲ್ಲಿ ಬಂದಾಗ, ಅದನ್ನು ಸೇವಿಸಿದವರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರು ಹೆಚ್ಚು ಎಂಬುದು ಗೊತ್ತಾಯಿತು. ರಕ್ತದಿಂದ ತೆಗೆದದ್ದನ್ನು ಅದು ಪಿತ್ತರಸಕ್ಕೆ ತುಂಬುತ್ತಿತ್ತು. ಅಂದಹಾಗೆ, ರಸಾಯನಶಾಸ್ತ್ರಜ್ಞರು 18ನೆಯ ಶತಮಾನದಲ್ಲಿ ಕೊಲೆಸ್ಟ್ರಾಲನ್ನು ಮೊದಲು ಕಂಡದ್ದೂ ರಕ್ತದಲ್ಲಲ್ಲ, ಪಿತ್ತಕೋಶದ ಕಲ್ಲಿನಲ್ಲಿ.

ನಿಮಗೆ ಆದದ್ದೂ ಇದೇ ಬಗೆಯದು. ಎರಡು ತಿಂಗಳಲ್ಲಿ 14 ಕೆ.ಜಿ. ಎಂದರೆ ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು. ತೂಕ ಇಳಿಕೆಯ ವೇಗ ಈ ಮಟ್ಟವನ್ನು ದಾಟಿದಾಗ ಕಲ್ಲಿನ ಅಪಾಯ ಒಮ್ಮೆಲೇ ಏರುತ್ತದೆ ಎಂಬುದು ಬಹಳ ಹಿಂದೆಯೇ ತಿಳಿದ ಸಂಗತಿ. ಅತಿ ಕಡಿಮೆ ಕ್ಯಾಲೊರಿಯ ಪಥ್ಯದಲ್ಲಿ ಇಟ್ಟವರನ್ನು ಸ್ಕ್ಯಾನಿಂಗ್ ಮಾಡುತ್ತ ಹೋದ ಕೆಲವು ಅಧ್ಯಯನಗಳಲ್ಲಿ ನಾಲ್ವರಲ್ಲಿ ಒಬ್ಬರವರೆಗೂ ಕೆಲವೇ ತಿಂಗಳುಗಳಲ್ಲಿ ಹೊಸ ಕಲ್ಲು ಕಂಡಿದೆ. ದೇಹದ ಕೊಬ್ಬಿನಲ್ಲಿ ಕೊಲೆಸ್ಟ್ರಾಲಿನ ದೊಡ್ಡ ದಾಸ್ತಾನು ಇರುತ್ತದೆ. ಕೊಬ್ಬು ಕರಗಿದಂತೆ ಆ ದಾಸ್ತಾನು ಬಿಡುಗಡೆಯಾಗಿ ಯಕೃತ್ತಿಗೆ ಬರುತ್ತದೆ, ಯಕೃತ್ತು ತನಗಿರುವ ಒಂದೇ ದಾರಿಯಲ್ಲಿ ಅದನ್ನು ಹೊರಗೆ ಕಳಿಸುತ್ತದೆ. ಅದೇ ಸಮಯದಲ್ಲಿ ಊಟ ದಿನಕ್ಕೆ ಒಂದೇ ಆದ್ದರಿಂದ ಪಿತ್ತಲವಣದ ಸುತ್ತು ಕಡಿಮೆಯಾಗಿರುತ್ತದೆ. ಆ ಒಂದು ಊಟದಲ್ಲಿಯೂ ಎಣ್ಣೆ, ತುಪ್ಪ, ಕಾಯಿ ಯಾವುದೂ ಇಲ್ಲದಿದ್ದರೆ ಪಿತ್ತಕೋಶವನ್ನು ಹಿಂಡುವ ಹಾರ್ಮೋನೂ ಸಾಕಷ್ಟು ಬರುವುದಿಲ್ಲ. ಹೀಗೆ ಕೊಲೆಸ್ಟ್ರಾಲ್ ಹೆಚ್ಚು, ಹಿಡಿದಿಡುವ ವಸ್ತು ಕಡಿಮೆ, ಚೀಲ ನಿಶ್ಚಲ. ಮೂರೂ ಒಟ್ಟಿಗೆ ಕೂಡಿದವು. ತೂಕ ಇಳಿಸಿದ್ದರಲ್ಲಿ ತಪ್ಪಿರಲಿಲ್ಲ, ಇಳಿಸಿದ ವೇಗ ಹೆಚ್ಚಾಯಿತು. ಅದಕ್ಕಾಗಿ ಪಶ್ಚಾತ್ತಾಪ ಪಡಬೇಡಿ, ಏಕೆಂದರೆ 82 ಕೆ.ಜಿ.ಯಲ್ಲಿಯೇ ಉಳಿದಿದ್ದರೂ ಅಪಾಯ ಇದ್ದೇ ಇತ್ತು. ಬೊಜ್ಜಿನಲ್ಲಿ ಯಕೃತ್ತು ಕೊಲೆಸ್ಟ್ರಾಲನ್ನು ಹೆಚ್ಚು ತಯಾರಿಸುತ್ತದೆ, ಹೆಚ್ಚು ಸಾಗಿಸುತ್ತದೆ. ಇನ್ಸುಲಿನ್ನಿಗೆ ಸ್ಪಂದಿಸದ ಯಕೃತ್ತಿನಲ್ಲಿ ನಾನು ಮೇಲೆ ಹೇಳಿದ ಜೋಡಿ ಪ್ರೋಟೀನುಗಳೇ ಹೆಚ್ಚುವುದನ್ನು ಇಲಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಹಿಂದೆ ಎಂದೂ ನೀವು ಸ್ಕ್ಯಾನಿಂಗ್ ಮಾಡಿಸಿಲ್ಲವಾದರೆ, ಈ ಕಲ್ಲುಗಳಲ್ಲಿ ಒಂದೆರಡು ಮೊದಲೇ ಇದ್ದಿರಲೂಬಹುದು.

ಹೆಂಗಸರಲ್ಲಿ ಕಲ್ಲು ಹೆಚ್ಚಾಗಿರುವುದಕ್ಕೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಕಾರಣ. ಅದು ಪಿತ್ತರಸದ ಕೊಲೆಸ್ಟ್ರಾಲನ್ನು ಹೆಚ್ಚಿಸುತ್ತದೆ. ಬಸುರಿನಲ್ಲಿ ಅದರ ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಪಿತ್ತಕೋಶವನ್ನು ಸಡಿಲಗೊಳಿಸುತ್ತದೆ. ಮುಟ್ಟಿನ ತೊಂದರೆಗೆ ನಿಮಗೆ ಹಾರ್ಮೋನು ಮಾತ್ರೆ ಬರೆದುಕೊಡುವವರಿದ್ದರೆ ಪಿತ್ತಕೋಶದಲ್ಲಿ ಕಲ್ಲಿರುವ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿ.

ನಿಮ್ಮ ಲಿವರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೊಲೆಸ್ಟ್ರಾಲಿನ ಕಲ್ಲು ಯಕೃತ್ತಿನ ಕಾಯಿಲೆಯ ಲಕ್ಷಣವಲ್ಲ. ಅದು ತನ್ನ ಕೆಲಸವನ್ನು ಮಾಡಿದ್ದರ ಫಲ ಎಂದರೂ ಸಲ್ಲುತ್ತದೆ. ಆದರೆ ಸ್ಕ್ಯಾನಿಂಗ್ ವರದಿಯನ್ನು ಮತ್ತೊಮ್ಮೆ ಓದಿ, ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಎಂದು ಬರೆದಿದೆಯೇ ನೋಡಿ. ಅದಕ್ಕೂ ಕಲ್ಲಿಗೂ ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದು) ಸಮಾನ ಮೂಲವಾದ್ದರಿಂದ ಎರಡೂ ಜೊತೆಯಾಗಿ ಕಾಣಿಸಿಕೊಳ್ಳುವುದು ಹೆಚ್ಚು.

"ಕೊಲೆಸ್ಟ್ರಾಲಿನ ಕಲ್ಲೇ ಇರಬೇಕು" ಎಂಬ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಬಿಳಿಯ ಚುಕ್ಕೆಯಾಗಿ, ಅದರ ಹಿಂದೆ ಕಪ್ಪು ನೆರಳಾಗಿ ಕಾಣುತ್ತದೆ, ಮಗ್ಗುಲು ಬದಲಿಸಿದಾಗ ಜಾಗ ಬದಲಿಸುತ್ತದೆ. ಅದು ಯಾವ ವಸ್ತುವಿನದು ಎಂಬುದನ್ನು ಈ ಪರೀಕ್ಷೆ ಹೇಳಲಾರದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪಿತ್ತಕೋಶವನ್ನು ತಟ್ಟೆಯಲ್ಲಿಟ್ಟು ಬಿಡಿಸಿದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕೊಲೆಸ್ಟ್ರಾಲಿನ ಕಲ್ಲು ತಿಳಿಹಳದಿ ಬಣ್ಣದ್ದು, ಹಿಡಿದರೆ ತುಸು ಜಿಡ್ಡು ಜಿಡ್ಡು. ಎರಡಾಗಿ ಕತ್ತರಿಸಿದರೆ ಒಳಗೆ ಹೊಳೆಯುವ ಗೆರೆಗಳು ನಡುವಿನಿಂದ ಅಂಚಿಗೆ ಹರಡಿರುತ್ತವೆ, ನಟ್ಟನಡುವೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಇನ್ನೊಂದು ಬಗೆಯದು ಕರಿಯ ಬಣ್ಣದ, ಒರಟು ಅಂಚಿನ, ಸಣ್ಣ ಸಣ್ಣ ಕಲ್ಲುಗಳು. ಇವು ಕೊಲೆಸ್ಟ್ರಾಲಿನವಲ್ಲ, ಕೆಂಪು ರಕ್ತಕಣಗಳು ಒಡೆದಾಗ ಬರುವ ಬಿಲಿರುಬಿನ್ ಎಂಬ ವರ್ಣದ್ರವ್ಯ ಸುಣ್ಣದೊಂದಿಗೆ ಸೇರಿ ಆದವು. ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಮತ್ತು ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ನಲ್ಲಿ ಇವು ಹೆಚ್ಚು. ಉತ್ತರ ಭಾರತದಲ್ಲಿ ಪಿತ್ತಕೋಶದ ಕಲ್ಲು ದಕ್ಷಿಣಕ್ಕಿಂತ ಬಹಳ ಹೆಚ್ಚು ಮತ್ತು ಅಲ್ಲಿನವು ಹೆಚ್ಚಾಗಿ ಕೊಲೆಸ್ಟ್ರಾಲಿನವು. ದಕ್ಷಿಣದಲ್ಲಿ ವರ್ಣದ್ರವ್ಯದ ಕಲ್ಲು ಮತ್ತು ಮಿಶ್ರ ಕಲ್ಲುಗಳ ಪಾಲು ದೊಡ್ಡದು. ನಿಮ್ಮ ವಯಸ್ಸು, ತೂಕ, ಪಥ್ಯದ ವೇಗ ಇವನ್ನೆಲ್ಲ ನೋಡಿದರೆ ನಿಮ್ಮದು ಕೊಲೆಸ್ಟ್ರಾಲಿನದೇ ಆಗಿರುವ ಸಾಧ್ಯತೆ ಹೆಚ್ಚು ಎಂದು ನನಗೂ ತೋರುತ್ತದೆ. ಆದರೂ ಅದು ಊಹೆ, ಪರೀಕ್ಷೆಯ ಫಲಿತಾಂಶವಲ್ಲ. ಕರಗಿಸುವ ಮಾತ್ರೆಯ ವಿಷಯ ಬಂದಾಗ ಈ ವ್ಯತ್ಯಾಸಕ್ಕೆ ಬೆಲೆ ಬರುತ್ತದೆ.

ಆ ಮಾತ್ರೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಇದು ಸ್ವತಃ ಒಂದು ಪಿತ್ತಾಮ್ಲ, ಅಂದರೆ ಪಿತ್ತಲವಣದ ಜಾತಿಗೇ ಸೇರಿದ್ದು. ಯಕೃತ್ತಿನಿಂದ ಪಿತ್ತರಸಕ್ಕೆ ಹೋಗುವ ಕೊಲೆಸ್ಟ್ರಾಲನ್ನು ತಗ್ಗಿಸಿ, ಕಲ್ಲಿನ ಮೇಲ್ಮೈಯಿಂದ ಕೊಲೆಸ್ಟ್ರಾಲ್ ನಿಧಾನವಾಗಿ ಬಿಟ್ಟುಹೋಗುವಂತೆ ಮಾಡುತ್ತದೆ. ಪಿತ್ತಕೋಶ ಚೆನ್ನಾಗಿ ಕೆಲಸ ಮಾಡುತ್ತಿದ್ದು, ಕಲ್ಲುಗಳು ಸಣ್ಣವಾಗಿದ್ದು, ಸುಣ್ಣ ಸೇರದ ಕೊಲೆಸ್ಟ್ರಾಲಿನವೇ ಆಗಿದ್ದರೆ, ಆರು ತಿಂಗಳಿನಿಂದ ಎರಡು ವರ್ಷ ಸೇವಿಸಿದಾಗ ಕರಗುವುದುಂಟು. ಕರಿಯ ಕಲ್ಲಿನ ಮೇಲೆ ಇದು ಏನೂ ಮಾಡದು. ಕರಗಿದವರಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಮತ್ತೆ ಕಲ್ಲು ಬರುತ್ತದೆ, ಏಕೆಂದರೆ ಕಲ್ಲು ಹೋದರೂ ಯಕೃತ್ತಿನ ಸ್ವಭಾವ ಮತ್ತು ಪಿತ್ತಕೋಶದ ಜಡತೆ ಹಾಗೆಯೇ ಉಳಿದಿರುತ್ತವೆ. ಈ ಮಾತ್ರೆ ನಿಜವಾಗಿ ಹೆಚ್ಚು ಉಪಯೋಗಕ್ಕೆ ಬರುವುದು ತೂಕ ವೇಗವಾಗಿ ಇಳಿಯುತ್ತಿರುವ ತಿಂಗಳುಗಳಲ್ಲಿ ಕಲ್ಲು ಹುಟ್ಟದಂತೆ ತಡೆಯಲು. ಬೊಜ್ಜಿನ ಶಸ್ತ್ರಚಿಕಿತ್ಸೆಯಾದವರಿಗೆ ಇದನ್ನು ಕೊಡುವುದು ಅದಕ್ಕಾಗಿಯೇ. ಕೊಲೆಸ್ಟ್ರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳು ತೋರಿಸಿದ್ದರೂ, ಇರುವ ಕಲ್ಲನ್ನು ಕರಗಿಸಲೆಂದು ಅವನ್ನು ಕೊಡುವ ಪದ್ಧತಿಯಿಲ್ಲ.

ಊಟದ ವಿಷಯದಲ್ಲಿ ನನ್ನ ಸಲಹೆ ನಿಮಗೆ ವಿಚಿತ್ರವೆನಿಸಬಹುದು: ಬಿಟ್ಟ ಎಣ್ಣೆಯನ್ನು ಸ್ವಲ್ಪ ಮರಳಿ ತನ್ನಿ. ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು ಎಣ್ಣೆ ಅಥವಾ ತುಪ್ಪ ಇದ್ದರೆ ಪಿತ್ತಕೋಶ ಚೆನ್ನಾಗಿ ಬರಿದಾಗುತ್ತದೆ. ಬೆಳಗಿನ ತಿಂಡಿಯನ್ನು ತಪ್ಪಿಸಬೇಡಿ. ಅಕ್ಕಿರೊಟ್ಟಿಯೋ ಕಡುಬೋ ಆಗಲಿ, ಪ್ರಮಾಣ ಮಿತವಾಗಿದ್ದು ಜೊತೆಗೆ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯವೋ ಕಾಳಿನ ಪಲ್ಯವೋ ಇರಲಿ. ಮಲೆನಾಡಿನ ಊಟದಲ್ಲಿ ನಾನು ಕಡಿಮೆ ಮಾಡಿ ಎನ್ನುವುದು ಒಗ್ಗರಣೆಗಿಂತ ಹೆಚ್ಚಾಗಿ ಮೂರು ಹೊತ್ತಿನ ಬಿಳಿ ಅನ್ನವನ್ನು ಮತ್ತು ಸಕ್ಕರೆಯನ್ನು, ಏಕೆಂದರೆ ಇನ್ಸುಲಿನ್ ಪ್ರತಿರೋಧವನ್ನೂ ಟ್ರೈಗ್ಲಿಸರೈಡನ್ನೂ ಏರಿಸುವುದರಲ್ಲಿ ಅವುಗಳ ಪಾಲು ದೊಡ್ಡದು. ಇನ್ನೂ ತೂಕ ಇಳಿಸಬೇಕಿದ್ದರೆ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಮೀರದಂತೆ ಇಳಿಸಿ. ಕಾಫಿ ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಈ ಕಡೆಯವರು ಕೇಳಿಯೇ ಕೇಳುತ್ತಾರೆ. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಪಿತ್ತಕೋಶದ ಕಲ್ಲಿನ ತೊಂದರೆ ತುಸು ಕಡಿಮೆ ಎಂದು ದೊಡ್ಡ ಗುಂಪುಗಳ ಅಧ್ಯಯನಗಳಲ್ಲಿ ಕಂಡಿದೆ, ಪಿತ್ತಕೋಶ ಹಿಂಡಿಕೊಳ್ಳುವಂತೆ ಕಾಫಿ ಮಾಡುತ್ತದೆ. ಕಾಗದದಲ್ಲಿ ಸೋಸದ ಕಾಫಿಯೇ ರಕ್ತದ ಎಲ್‌ಡಿಎಲ್ ಅನ್ನು ಸ್ವಲ್ಪ ಏರಿಸುತ್ತದೆ ಎಂಬುದೂ ಅಷ್ಟೇ ನಿಜ. ರಕ್ತದ ಲೆಕ್ಕ ಬೇರೆ, ಪಿತ್ತರಸದ ಲೆಕ್ಕ ಬೇರೆ ಎಂಬುದು ಇಲ್ಲಿಯೂ ಕಾಣುತ್ತದೆ.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಕಲ್ಲುಬಾಳೆಯ ಬೀಜ ಇವೆಲ್ಲ ನಮ್ಮಲ್ಲಿ ಮೂತ್ರಪಿಂಡದ ಕಲ್ಲಿಗೆ ಹೇಳುವ ಮದ್ದುಗಳು. ಮೂತ್ರದ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನದು, ಅದಿರುವ ದಾರಿಯಲ್ಲಿ ನೀರು ಸದಾ ಹರಿಯುತ್ತಿರುತ್ತದೆ. ಪಿತ್ತಕೋಶದ ಕಲ್ಲು ಇರುವ ಜಾಗಕ್ಕೆ ಮೂತ್ರ ಹೋಗುವುದಿಲ್ಲ, ಅದರ ವಸ್ತು ನೀರಿಗೆ ಕರಗುವುದೂ ಇಲ್ಲ. ರಸ ಕುಡಿದರೆ ಹಾನಿಯಿಲ್ಲ, ಕಲ್ಲಿಗೆ ಅದರಿಂದ ಏನೂ ಆಗದು. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ರಾತ್ರಿ ಕುಡಿದರೆ ಬೆಳಿಗ್ಗೆ ಕಲ್ಲುಗಳು ಮಲದಲ್ಲಿ ಉದುರುತ್ತವೆ ಎಂಬ ವಿಡಿಯೊಗಳ ಬಗ್ಗೆ ಮಾತ್ರ ಎಚ್ಚರಿಸಲೇಬೇಕು. ಬೆಳಿಗ್ಗೆ ಕಾಣುವ ಹಸಿರು ಬಣ್ಣದ ಮೆತ್ತನೆಯ ಉಂಡೆಗಳು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿ ಗಂಟುಕಟ್ಟಿದವು. ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಕೊಲೆಸ್ಟ್ರಾಲೇ ಇರಲಿಲ್ಲ. ಅಷ್ಟೊಂದು ಎಣ್ಣೆಯಿಂದ ಪಿತ್ತಕೋಶ ಬಲವಾಗಿ ಹಿಂಡಿಕೊಂಡು ನಿಮ್ಮಲ್ಲಿರುವಂಥ ಸಣ್ಣ ಕಲ್ಲು ನಾಳಕ್ಕೆ ಜಾರಿದರೆ ಇಲ್ಲದ ತೊಂದರೆಯನ್ನು ತಂದುಕೊಂಡಂತಾಗುತ್ತದೆ.

ಶಸ್ತ್ರಚಿಕಿತ್ಸೆ ಈಗ ನಿಮಗೆ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನೋವಿಲ್ಲದ ಕಲ್ಲುಗಳಿರುವ ನೂರು ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ಬಹುಪಾಲು ಜನರಲ್ಲಿ ಕಲ್ಲು ಜೀವನಪೂರ್ತಿ ಸುಮ್ಮನಿರುತ್ತದೆ. ತೂಕ ಇಳಿಸುವಾಗ ಹುಟ್ಟಿದ ಸಣ್ಣ ಕಲ್ಲುಗಳು ತೂಕ ಸ್ಥಿರವಾದ ಮೇಲೆ ತಾವಾಗಿ ಕರಗಿಹೋದ ನಿದರ್ಶನಗಳೂ ಇವೆ. ಹಾಗಾಗಿ ಆರು ತಿಂಗಳ ಬಳಿಕ ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಸಿ. ಕಲ್ಲು ಮೂರು ಸೆಂ.ಮೀ. ಮೀರಿದ್ದರೆ, ಪಿತ್ತಕೋಶದ ಗೋಡೆ ಸುಣ್ಣಗಟ್ಟಿದ್ದರೆ, ಒಳಗೆ ಒಂದು ಸೆಂ.ಮೀ.ಗಿಂತ ದೊಡ್ಡ ಪಾಲಿಪ್ (ಗೋಡೆಯಿಂದ ಬೆಳೆದ ಗಂಟು) ಇದ್ದರೆ ನೋವಿಲ್ಲದಿದ್ದರೂ ತೆಗೆಸುವುದು ಲೇಸು. ಗಂಗಾ ಬಯಲಿನ ಜಿಲ್ಲೆಗಳಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೆಚ್ಚಾಗಿರುವುದರಿಂದ ಅಲ್ಲಿನ ಶಸ್ತ್ರವೈದ್ಯರು ಬೇಗ ತೆಗೆಸಿ ಎನ್ನುವುದುಂಟು. ಆ ಸಲಹೆಯನ್ನು ಶಿವಮೊಗ್ಗ ಜಿಲ್ಲೆಗೆ ಹಾಗೆಯೇ ಅನ್ವಯಿಸಬೇಕಾಗಿಲ್ಲ. ಒಂದು ವೇಳೆ ಮುಂದೆ ನೋವು ಶುರುವಾದರೆ ಆಗ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಮೇಲಿನ ಸಣ್ಣ ರಂಧ್ರಗಳ ಮೂಲಕ, ಪಿತ್ತಕೋಶವನ್ನೇ ತೆಗೆಸುವುದು ಸರಿಯಾದ ಚಿಕಿತ್ಸೆ. ಕಲ್ಲನ್ನಷ್ಟೇ ತೆಗೆದು ಚೀಲವನ್ನು ಉಳಿಸಿದರೆ ಮತ್ತೆ ಕಟ್ಟುತ್ತದೆ. ಚೀಲವಿಲ್ಲದಿದ್ದರೂ ಯಕೃತ್ತು ಪಿತ್ತರಸವನ್ನು ಸ್ರವಿಸುತ್ತಲೇ ಇರುತ್ತದೆ, ಅದು ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗುವುದನ್ನು ಬಿಟ್ಟರೆ ಜೀರ್ಣಕ್ರಿಯೆಗೆ ಕೊರತೆ ಬರುವುದಿಲ್ಲ.

ನೋವು ಎಂದರೆ ಯಾವ ನೋವು ಎಂಬುದನ್ನು ತಿಳಿದಿರಿ. ಹೊಟ್ಟೆಯುಬ್ಬರ, ಹುಳಿತೇಗು ಇವು ಕಲ್ಲಿನವಲ್ಲ. ಊಟವಾದ ಒಂದೆರಡು ಗಂಟೆಗೆ ಅಥವಾ ನಡುರಾತ್ರಿಯಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೋ ಎದೆಗುಂಡಿಗೆಯ ಕೆಳಗೋ ಶುರುವಾಗಿ, ಬಲ ಹೆಗಲಿನ ಹಿಂಭಾಗಕ್ಕೆ ಹರಡಿ, ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಏಕಪ್ರಕಾರವಾಗಿ ಹಿಡಿದಿರುವ ನೋವು ಕಲ್ಲಿನದು. ಅಂಥ ನೋವು ಬಂದುಹೋದ ಮೇಲೆ ಶಸ್ತ್ರವೈದ್ಯರನ್ನು ಕಾಣಲು ಕೆಲವು ದಿನಗಳ ಸಮಯವಿರುತ್ತದೆ. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಅಥವಾ ನೋವು ಬೆನ್ನಿಗೆ ಹೊಕ್ಕು ವಾಂತಿ ನಿಲ್ಲದಿದ್ದರೆ, ಕಲ್ಲು ಪಿತ್ತನಾಳಕ್ಕೆ ಇಳಿದಿದೆ ಅಥವಾ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದು ಭಾವಿಸಬೇಕು. ಕಾಮಾಲೆಯೆಂದು ನೆಲನೆಲ್ಲಿ ಅರೆದು ಕುಡಿಸುವ ವಾಡಿಕೆ ನಮ್ಮ ಕಡೆ ಬಲವಾಗಿದೆ, ಇಲ್ಲಿ ಅದಕ್ಕೆ ಕಾಯಬಾರದು. ನಾಳದೊಳಗಿನ ಕಲ್ಲನ್ನು ಎಂಡೋಸ್ಕೋಪಿಯ, ಅಂದರೆ ಬಾಯಿಯಿಂದ ಒಳಗೆ ಇಳಿಸುವ ಕೊಳವೆಯ, ಮೂಲಕ ತೆಗೆಯಬೇಕಾಗುತ್ತದೆ. ಮಳೆಗಾಲದ ರಾತ್ರಿಯಾದರೂ ಬೆಳಗಾಗಲಿ ಎನ್ನದೆ, ಆ ಸೌಕರ್ಯವಿರುವ ಆಸ್ಪತ್ರೆಗೆ ಹೊರಡಿ, ಈಗ ನಿಮ್ಮ ಕೈಯಲ್ಲಿರುವ ಸ್ಕ್ಯಾನಿಂಗ್ ವರದಿಯನ್ನು ಜೊತೆಗೆ ಒಯ್ಯಿರಿ.